ಸರಪಳಿ, ಆಣೆ: ಹೊಲದ ಉದ್ದವನ್ನು ಅಡಿಗೆ ತರುವ ಲೆಕ್ಕ

ಹಳೆಯ ಸರ್ವೆ ಟಿಪ್ಪಣಿಯಲ್ಲಿ ಬದುವಿನ ಗೆರೆಯ ಪಕ್ಕ ‘6-4’ ಎಂದಿದ್ದರೆ ಅದು ಆರು ಸರಪಳಿ ನಾಲ್ಕು ಆಣೆ. ಈ ಸರಪಳಿಯ ಉದ್ದ 33 ಅಡಿ. ಅದರ ಹದಿನಾರರಲ್ಲೊಂದು ಪಾಲೇ ಆಣೆ, ಅಂದರೆ 24.75 ಅಂಗುಲ. 1957ರಲ್ಲಿ ನಯಾಪೈಸೆ ಬಂದ ಮೇಲೆ ಆಣೆ ಜೇಬಿನಿಂದ ಮರೆಯಾಯಿತು. ಹೊಲದ ಲೆಕ್ಕದಲ್ಲಿ ಮಾತ್ರ ಗಟ್ಟಿಯಾಗಿ ಕುಳಿತಿದೆ.

ಅಡಿಗೆ ತರುವುದು ಸುಲಭ. ನಾಲ್ಕು ಆಣೆ ಎಂದರೆ ಕಾಲು ಸರಪಳಿ, 6.25ನ್ನು 33ರಿಂದ ಗುಣಿಸಿದರೆ 206.25 ಅಡಿ, ಮೀಟರಿನಲ್ಲಿ ಸುಮಾರು 62.87. ಹೆಚ್ಚಿನವರು ಎಡವುವುದು ಇಲ್ಲಿಯೇ: ‘6-4’ನ್ನು 6.4 ಎಂದು ಓದಿ ಕ್ಯಾಲ್ಕ್ಯುಲೇಟರಿಗೆ ಹಾಕಿದರೆ 211.2 ಅಡಿ ಬರುತ್ತದೆ. ಸುಮಾರು ಐದು ಅಡಿಯ ವ್ಯತ್ಯಾಸ! ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುವುದಕ್ಕೆ ಅಷ್ಟು ಸಾಕು.

ಇಷ್ಟಕ್ಕೂ 33 ಎಂಬ ವಿಚಿತ್ರ ಸಂಖ್ಯೆ ಏಕೆ? 33 ಅಡಿ ಉದ್ದ, 33 ಅಡಿ ಅಗಲದ ಚೌಕ 1,089 ಚದರಡಿ, ಅದೇ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಹಾಗಾಗಿ ಹೊಲದಲ್ಲಿ ನಿಂತ ಮೋಜಣಿದಾರ ಅಡಿಯ ಗೊಡವೆಗೇ ಹೋಗಬೇಕಿಲ್ಲ. 6-4 ಉದ್ದ, 3-8 ಅಗಲದ ಆಯತಾಕಾರದ ತಾಕಾದರೆ 6.25ನ್ನು 3.5ರಿಂದ ಗುಣಿಸುತ್ತಾನೆ: 21.875, ಅಂದರೆ 21 ಗುಂಟೆ 14 ಆಣೆ. ಈ ಕೊನೆಯ ಆಣೆ ಉದ್ದದ್ದಲ್ಲ, ವಿಸ್ತೀರ್ಣದ್ದು. ಒಂದು ಸರಪಳಿ ಉದ್ದ, ಒಂದು ಆಣೆ ಅಗಲದ ಪಟ್ಟಿ, ಸುಮಾರು 68 ಚದರಡಿ. ಎರಡಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮರು ಯಾರೋ!

ಈ 33 ಅಡಿ ಸರಪಳಿಯ ಇಮ್ಮಡಿ ಉದ್ದದ್ದು ಗಂಟರ್ ಸರಪಳಿ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ ರೂಪಿಸಿದ ಅದು 66 ಅಡಿ, ನೂರು ಕೊಂಡಿ. ಒಂದು ಕೊಂಡಿಗೆ 7.92 ಅಂಗುಲ. ಅಂಥ ಹತ್ತು ಸರಪಳಿಗೆ ಒಂದು ಫರ್ಲಾಂಗು, ಎಂಬತ್ತಕ್ಕೆ ಒಂದು ಮೈಲಿ. ಕ್ರಿಕೆಟ್ ಪಿಚ್ಚಿನ 22 ಗಜವೂ ಇದೇ ಉದ್ದ. ಹತ್ತು ಚದರ ಸರಪಳಿ ಒಂದು ಎಕರೆಯಾದ್ದರಿಂದ ಸಾವಿರ ಚದರ ಕೊಂಡಿ ಸರಿಯಾಗಿ ಒಂದು ಸೆಂಟ್ಸ್, ಅಂದರೆ ಎಕರೆಯ ನೂರರಲ್ಲೊಂದು ಪಾಲು. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಇಂದಿಗೂ ಜಾಗವನ್ನು ಸೆಂಟ್ಸಿನಲ್ಲೇ ಹೇಳುತ್ತಾರೆ.

ಆದ್ದರಿಂದ ದಾಖಲೆಯಲ್ಲಿ ಬರೀ ‘ಸರಪಳಿ’ ಎಂದಿದ್ದರೆ, ಜೊತೆಯ ಬಿಡಿ ಅಂಕಿ ಆಣೆಯೋ ಕೊಂಡಿಯೋ ನೋಡಿ. ಆಣೆಯಾದರೆ 33, ಕೊಂಡಿಯಾದರೆ 66. ಅದಲುಬದಲಾದರೆ ಉದ್ದ ಇಮ್ಮಡಿ ತಪ್ಪುತ್ತದೆ, ವಿಸ್ತೀರ್ಣ ನಾಲ್ಮಡಿ.