ಕೌನ್ಸಿಲರ್ ಉದ್ಯೋಗ ಉಪಸಮಿತಿಯಲ್ಲಿದ್ದರೆ ಕೆಲಸ ಕೊಡಿಸಬಹುದೇ?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿ ನೆಲೆಸಿದ್ದೇವೆ. ನಮ್ಮ ವಾರ್ಡಿನ ಕೌನ್ಸಿಲರ್ ಒಬ್ಬರು ಈ ವರ್ಷ ಕೌನ್ಸಿಲ್‌ನ ಉದ್ಯೋಗ ಉಪಸಮಿತಿಗೆ ನೇಮಕವಾಗಿದ್ದಾರೆ. ನನ್ನ ತಂಗಿ ಅದೇ ಕೌನ್ಸಿಲ್‌ನ ಗ್ರಂಥಾಲಯದಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಅವರ ಕಿವಿಯ ಮೇಲೆ ಒಂದು ಮಾತು ಹಾಕಿದರೆ ಅನುಕೂಲವಾಗುತ್ತದೆಯೇ? ಅಷ್ಟಕ್ಕೂ ಈ ಸಮಿತಿಗೆ ಕೌನ್ಸಿಲರ್‌ಗಳನ್ನು ಯಾರು ಆರಿಸುತ್ತಾರೆ?

ಉತ್ತರ: ದಯವಿಟ್ಟು ಆ ಮಾತು ಹಾಕಬೇಡಿ. ಇಂಗ್ಲೆಂಡಿನ ಬಹುತೇಕ ಕೌನ್ಸಿಲ್‌ಗಳ ನೇಮಕಾತಿ ನಿಯಮಗಳಲ್ಲಿ, ಅಭ್ಯರ್ಥಿಯೇ ಆಗಲಿ ಅವರ ಪರವಾಗಿ ಬೇರೆಯವರಾಗಲಿ ಕೌನ್ಸಿಲರ್ ಬಳಿ ವಶೀಲಿಗೆ ಹೋದರೆ ಅರ್ಜಿಯನ್ನು ಅನರ್ಹಗೊಳಿಸಬಹುದು ಎಂಬ ಷರತ್ತು ಇರುತ್ತದೆ. ತಂಗಿಗೆ ಒಳ್ಳೆಯದಾಗಲಿ ಎಂದು ಆಡಿದ ಮಾತೇ ಅವರಿಗೆ ಮುಳುವಾಗುತ್ತದೆ. ಇಷ್ಟಾಗಿಯೂ ಆ ಕೌನ್ಸಿಲರ್‌ಗೆ ಗ್ರಂಥಾಲಯದ ಹುದ್ದೆಯ ಮೇಲೆ ಯಾವ ಹಿಡಿತವೂ ಇಲ್ಲ. ಕಾನೂನೇ ಅವರ ಕೈಯನ್ನು ಅಲ್ಲಿಂದ ದೂರ ಇಟ್ಟಿದೆ.

ಈ ಗೊಂದಲ ಅನೇಕರಲ್ಲಿದೆ, ಅದಕ್ಕೆ ಕಾರಣವೂ ಇದೆ. ಕರ್ನಾಟಕದಲ್ಲಿ ಮಹಾನಗರ ಪಾಲಿಕೆಯ ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ಇಂಗ್ಲೆಂಡಿನಲ್ಲಿ ಹಾಗಲ್ಲ. 1972ರ ಸ್ಥಳೀಯ ಸರ್ಕಾರ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ತನಗೆ ಬೇಕಾದ ಸಿಬ್ಬಂದಿಯನ್ನು ಕೌನ್ಸಿಲೇ ನೇಮಿಸಿಕೊಳ್ಳುತ್ತದೆ. ಲಂಡನ್ನಿಂದ ಯಾರನ್ನೂ ವರ್ಗ ಮಾಡಿ ಕಳಿಸುವುದಿಲ್ಲ. ಕೌನ್ಸಿಲ್ ಮಾಲೀಕ ಎಂದ ಮೇಲೆ ಕೌನ್ಸಿಲರ್ ಕೂಡ ಮಾಲೀಕರಂತೆ ಅಲ್ಲವೇ ಎಂದು ಅನ್ನಿಸುವುದು ಸಹಜ. ಕಲಬುರಗಿ ಮೂಲದ ನೀರಜ್ ಪಾಟೀಲ ಅವರು 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ಬರೋದ (ನಗರದೊಳಗಿನ ಒಂದು ಆಡಳಿತ ವಿಭಾಗ) ಮೇಯರ್ ಆಗಿದ್ದವರು. ಹೀಗೆ ನಮ್ಮವರೂ ಆ ಕುರ್ಚಿಗಳಲ್ಲಿ ಕೂರುತ್ತಿರುವಾಗ ಈ ನಿಯಮಗಳು ನಮಗೆಲ್ಲ ತಿಳಿದಿರಬೇಕು ಎಂಬುದು ನನ್ನ ಆಸೆ.

ಮುಖ್ಯವಾದ ಗೆರೆಯನ್ನು ಎಳೆದಿರುವುದು ಕೌನ್ಸಿಲ್‌ಗಳ ಸ್ಥಾಯಿ ಆದೇಶಗಳ, ಅಂದರೆ ಒಳಾಡಳಿತದ ಕಾಯಂ ನಿಯಮಗಳ, ಬಗ್ಗೆ 2001ರಲ್ಲಿ ಇಂಗ್ಲೆಂಡಿಗೆ ಬಂದ ನಿಯಮಾವಳಿ. ಉಪ ಮುಖ್ಯಾಧಿಕಾರಿಯ (ವಿಭಾಗದ ನಿರ್ದೇಶಕರ ನೇರ ಕೈಕೆಳಗಿನವರು) ದರ್ಜೆಗಿಂತ ಕೆಳಗಿನ ಹುದ್ದೆಗಳ ನೇಮಕ, ವಜಾ, ಶಿಸ್ತುಕ್ರಮಗಳನ್ನು ಕೌನ್ಸಿಲ್ ನೌಕರರ ಮುಖ್ಯಸ್ಥರಾದ ಮುಖ್ಯ ಕಾರ್ಯನಿರ್ವಾಹಕ ಅಥವಾ ಅವರು ಸೂಚಿಸಿದ ಅಧಿಕಾರಿಯೇ ಮಾಡಬೇಕು. ರಾಜಕೀಯ ಗುಂಪುಗಳ ಸಹಾಯಕರ ಹುದ್ದೆಯಂತಹ ಒಂದೆರಡು ವಿನಾಯಿತಿ ಬಿಟ್ಟರೆ ಇದರಲ್ಲಿ ಕೌನ್ಸಿಲರ್‌ಗಳಿಗೆ ಪ್ರವೇಶವಿಲ್ಲ. ಗ್ರಂಥಾಲಯದ ಸಹಾಯಕಿ, ಕಸದ ಲಾರಿಯ ಚಾಲಕ, ತೆರಿಗೆ ವಿಭಾಗದ ಗುಮಾಸ್ತ, ವಸತಿ ವಿಭಾಗದ ಅಧಿಕಾರಿ, ಎಲ್ಲರೂ ಈ ಗೆರೆಯ ಕೆಳಗೇ ಬರುತ್ತಾರೆ. ಇದನ್ನು ನಾನು ಕೌನ್ಸಿಲರ್‌ಗಳ ಮೇಲಿನ ಅಪನಂಬಿಕೆ ಎಂದು ನೋಡುವುದಿಲ್ಲ. ಚುನಾವಣೆಯಲ್ಲಿ ಪಕ್ಷ ಬದಲಾದರೂ ಕಸದ ಲಾರಿ ಚಾಲಕನ ಕೆಲಸ ಉಳಿಯುತ್ತದೆ ಎಂಬ ಭರವಸೆ ಇರುವುದು ಈ ಗೆರೆಯಿಂದಲೇ.

ಗೆರೆಯ ಮೇಲಿರುವುದು ಬೆರಳೆಣಿಕೆಯ ಹುದ್ದೆಗಳು: ಮುಖ್ಯ ಕಾರ್ಯನಿರ್ವಾಹಕ, ಹಣಕಾಸಿನ ಹೊಣೆ ಹೊತ್ತ ಅಧಿಕಾರಿ, ಕಾನೂನು ಪಾಲನೆಯ ಮೇಲೆ ಕಣ್ಣಿಡುವ ಅಧಿಕಾರಿ, ವಿಭಾಗಗಳ ನಿರ್ದೇಶಕರು, ಅವರ ನೇರ ಕೈಕೆಳಗಿನವರು. ನೀವು ಹೇಳುವ ಉದ್ಯೋಗ ಸಮಿತಿಯ ಕೆಲಸ ಇರುವುದು ಇಲ್ಲಿ. ಅದು ಅರ್ಜಿಗಳನ್ನು ಸೋಸುತ್ತದೆ, ಸಂದರ್ಶನ ಮಾಡುತ್ತದೆ, ಒಬ್ಬರನ್ನು ಆರಿಸುತ್ತದೆ. ಕ್ಯಾಬಿನೆಟ್ ಪದ್ಧತಿಯ (ಮಂತ್ರಿಮಂಡಲದಂತೆ ಕೆಲವೇ ಕೌನ್ಸಿಲರ್‌ಗಳು ಆಡಳಿತ ನಡೆಸುವ) ಕೌನ್ಸಿಲ್ ಆದರೆ ಇಂಥ ಸಮಿತಿಯಲ್ಲಿ ಕ್ಯಾಬಿನೆಟ್‌ನ ಒಬ್ಬ ಸದಸ್ಯರಾದರೂ ಇರಲೇಬೇಕು. ಆಯ್ಕೆಯಾದ ಹೆಸರನ್ನು ಕ್ಯಾಬಿನೆಟ್‌ಗೆ ತಿಳಿಸಿ, ಆಕ್ಷೇಪಣೆಗೆ ಕಾಲಾವಕಾಶ ಕೊಟ್ಟ ಮೇಲೆಯೇ ಹುದ್ದೆಯನ್ನು ಅಭ್ಯರ್ಥಿಗೆ ಕೊಡಬಹುದು. ಮುಖ್ಯ ಕಾರ್ಯನಿರ್ವಾಹಕರ ಹುದ್ದೆಗಂತೂ ಇಡೀ ಕೌನ್ಸಿಲ್‌ನ ಒಪ್ಪಿಗೆ ಬೇಕು. ಎಲ್ಲಕ್ಕೂ ಮೇಲೆ 1989ರ ಸ್ಥಳೀಯ ಸರ್ಕಾರ ಮತ್ತು ವಸತಿ ಕಾಯ್ದೆಯ 7ನೇ ಸೆಕ್ಷನ್ ಇದೆ: ಪ್ರತಿ ನೇಮಕವೂ ಅರ್ಹತೆಯ ಮೇಲೆಯೇ ನಡೆಯಬೇಕು.

ಇನ್ನು ಸಮಿತಿಗೆ ಕೌನ್ಸಿಲರ್‌ಗಳು ಬರುವ ಬಗೆ. ಸಾಮಾನ್ಯವಾಗಿ ಮೇ ತಿಂಗಳಲ್ಲಿ ಕೌನ್ಸಿಲ್‌ನ ವಾರ್ಷಿಕ ಸಭೆ ನಡೆಯುತ್ತದೆ. ಮೇಯರ್ ಅಥವಾ ಅಧ್ಯಕ್ಷರ ಆಯ್ಕೆ ಮುಗಿದ ಮೇಲೆ ಸಮಿತಿಗಳ ಪಟ್ಟಿ ಬರುತ್ತದೆ. ಸಮಿತಿಯನ್ನು ರಚಿಸುವುದು ಕೌನ್ಸಿಲ್, ಉಪಸಮಿತಿಯನ್ನು ರಚಿಸುವುದು ಆ ಸಮಿತಿ. ಎಷ್ಟು ಜನ, ಎಷ್ಟು ಕಾಲ ಎಂಬುದನ್ನು ನೇಮಿಸುವವರೇ ಗೊತ್ತು ಮಾಡುತ್ತಾರೆ. ಆದರೆ ಒಬ್ಬರೇ ಇರುವ ಸಮಿತಿ ಸಾಧ್ಯವಿಲ್ಲ. ಹಿಲಿಂಗ್ಡನ್ ಬರೋ ಕೌನ್ಸಿಲ್‌ನ ಪ್ರಕರಣವೊಂದರಲ್ಲಿ 1986ರಲ್ಲಿ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿತು. ಆದ್ದರಿಂದ ಕೌನ್ಸಿಲರ್ ಒಬ್ಬರು 'ನಾನು ನಿರ್ಧರಿಸುತ್ತೇನೆ' ಎಂದರೆ ಕಾನೂನಿನ ಕಣ್ಣಿನಲ್ಲಿ ಆ ಮಾತಿಗೆ ಬೆಲೆಯಿಲ್ಲ.

ಸ್ಥಾನಗಳನ್ನು ಹಂಚುವುದಕ್ಕೆ ಒಂದು ಲೆಕ್ಕವಿದೆ. ಒಂದು ಕಾಲಕ್ಕೆ ಹಲವೆಡೆ ಬಹುಮತದ ಪಕ್ಷವೇ ಸಮಿತಿಯ ಎಲ್ಲ ಕುರ್ಚಿಗಳನ್ನೂ ಬಾಚಿಕೊಳ್ಳುತ್ತಿತ್ತು. ಡೇವಿಡ್ ವಿಡಿಕೂಂಬ್ ಅಧ್ಯಕ್ಷತೆಯ ವಿಚಾರಣಾ ಸಮಿತಿ 1986ರಲ್ಲಿ ವರದಿ ಕೊಟ್ಟ ನಂತರ ಬಂದ 1989ರ ಕಾಯ್ದೆ ಅದನ್ನು ನಿಲ್ಲಿಸಿತು. ಎಲ್ಲ ಸ್ಥಾನಗಳೂ ಒಂದೇ ಗುಂಪಿಗೆ ಹೋಗುವಂತಿಲ್ಲ. ಕೌನ್ಸಿಲ್‌ನಲ್ಲಿ ಬಹುಮತ ಇರುವವರಿಗೆ ಸಮಿತಿಯಲ್ಲೂ ಬಹುಮತ ಸಿಗಬೇಕು. ಉಳಿದದ್ದು ಬಲಾಬಲಕ್ಕೆ ತಕ್ಕಂತೆ. ಉದಾಹರಣೆಗೆ 60 ಸದಸ್ಯರ ಕೌನ್ಸಿಲ್‌ನಲ್ಲಿ ಒಂದು ಪಕ್ಷದವರು 36, ಇನ್ನೊಂದರವರು 15, ಮೂರನೆಯದರವರು 9 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಐದು ಸ್ಥಾನಗಳ ಉಪಸಮಿತಿಯಲ್ಲಿ ಅವರ ಪಾಲು 3, 1.25, 0.75. ಪೂರ್ಣಾಂಕ ಮಾಡಿದರೆ 3, 1, 1. ಅದೇ ಉಪಸಮಿತಿಯನ್ನು ಮೂರೇ ಸ್ಥಾನಕ್ಕೆ ಇಳಿಸಿದರೆ ಪಾಲು 1.8, 0.75, 0.45. ಅಂದರೆ 2, 1, 0. ಮೂರನೆಯ ಪಕ್ಷ ಹೊರಗೇ ಉಳಿಯಿತು. ಸಮಿತಿಯ ಗಾತ್ರದ ನಿರ್ಣಯ ಕಾರ್ಯಸೂಚಿಯಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ಯಾರೂ ಚರ್ಚಿಸುವುದಿಲ್ಲ. ಆ ಸಾಲನ್ನು ಗಮನಿಸಿ ಓದಬೇಕು. ಈ ಲೆಕ್ಕವನ್ನು ಬದಿಗಿಟ್ಟು ಬೇರೆ ರೀತಿ ಹಂಚಿಕೊಳ್ಳಲೂಬಹುದು, ಆದರೆ ಸಭೆಯಲ್ಲಿ ಒಬ್ಬರೂ ವಿರುದ್ಧ ಮತ ಹಾಕಿರಬಾರದು.

ಸ್ಥಾನ ಸಿಕ್ಕ ಮೇಲೆ ಅದರಲ್ಲಿ ಯಾರು ಕೂರಬೇಕು ಎಂದು ಹೇಳುವುದು ಆಯಾ ಗುಂಪು. ಗುಂಪು ಸೂಚಿಸಿದ ಹೆಸರನ್ನು ಕೌನ್ಸಿಲ್ ಒಪ್ಪಲೇಬೇಕು. ಕಾನೂನಿನ ಪ್ರಕಾರ ಇಬ್ಬರಿದ್ದರೆ ಗುಂಪು. ಒಂಟಿ ಪಕ್ಷೇತರರಿಗೆ ಗುಂಪುಗಳಿಗೆ ಹಂಚಿ ಉಳಿದ ಸ್ಥಾನಗಳಷ್ಟೇ. ಹೀಗಾಗಿ ಸಭೆಯಲ್ಲಿ ಕೈ ಎತ್ತುವುದು ಔಪಚಾರಿಕ, ನಿಜವಾದ ಆಯ್ಕೆ ಪಕ್ಷದ ಕೊಠಡಿಯಲ್ಲಿ ಆಗಿರುತ್ತದೆ. ಇಲ್ಲಿ ನನಗೆ ಒಂದು ತಕರಾರಿದೆ. ಹಿರಿತನ, ನಿಷ್ಠೆ, ಯಾರಿಗೆ ಯಾವ ಸಮಿತಿ ತಪ್ಪಿತು ಎಂಬ ಸಮಾಧಾನ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಸಂದರ್ಶನ ಮಾಡಿ ಗೊತ್ತಿದೆಯೇ, ಉದ್ಯೋಗ ಕಾನೂನಿನ ಗಂಧ ಇದೆಯೇ ಎಂದು ಕೇಳುವವರು ಕಡಿಮೆ. ತರಬೇತಿ ಪಡೆಯದೆ ಈ ಸಮಿತಿಯಲ್ಲಿ ಕೂರುವಂತಿಲ್ಲ ಎಂದು ನಿಯಮ ಮಾಡಿಕೊಂಡ ಕೌನ್ಸಿಲ್‌ಗಳೂ ಇವೆ. ಎಲ್ಲ ಕಡೆಯೂ ಹಾಗೆಯೇ ಆಗಬೇಕು.

ಹೆಸರು ಸೂಚಿಸುವಾಗ ಎಚ್ಚರ ತಪ್ಪುವ ಇನ್ನೊಂದು ಜಾಗ ಮೇಲ್ಮನವಿ. ಕೆಲಸದಿಂದ ವಜಾ ಆದ ನೌಕರರ ಮೇಲ್ಮನವಿ ಕೇಳುವ ಸಮಿತಿಯಲ್ಲಿ ಕೌನ್ಸಿಲರ್‌ಗಳು ಕೂರಬಹುದು; ಕೆಳ ದರ್ಜೆಯ ನೌಕರರ ವಿಷಯದಲ್ಲೂ 2001ರ ನಿಯಮ ಇದಕ್ಕೆ ಅವಕಾಶ ಕೊಟ್ಟಿದೆ. ಆದರೆ ಮೊದಲ ತೀರ್ಮಾನದಲ್ಲಿ ಭಾಗಿಯಾದವರೇ ಮೇಲ್ಮನವಿಯನ್ನೂ ಕೇಳಿದರೆ ನ್ಯಾಯ ಎಲ್ಲಿಯದು? ಬ್ರಿಟನ್ನಿನ ಉದ್ಯೋಗ ಸಂಧಾನ ಸಂಸ್ಥೆಯಾದ ಏಕಾಸ್‌ನ ಸಂಹಿತೆಯೂ ಸಾಧ್ಯವಾದಷ್ಟೂ ಬೇರೆಯವರೇ ಕೇಳಬೇಕು ಎನ್ನುತ್ತದೆ. ಮಾಲೀಕರು ಕಾರಣವಿಲ್ಲದೆ ಸಂಹಿತೆ ಮೀರಿದರೆ ಉದ್ಯೋಗ ನ್ಯಾಯಮಂಡಳಿ ಪರಿಹಾರವನ್ನು ಶೇ 25ರವರೆಗೆ ಹೆಚ್ಚಿಸಬಹುದು. ಆ ಹಣ ಹೋಗುವುದು ತೆರಿಗೆದಾರರ ಜೇಬಿನಿಂದ.

ಹಳ್ಳಿ, ಸಣ್ಣ ಪಟ್ಟಣಗಳ ಪ್ಯಾರಿಷ್ ಕೌನ್ಸಿಲ್‌ಗಳಲ್ಲಿ ಈ ಸಮಸ್ಯೆ ಇನ್ನೂ ಗಂಭೀರ. 2001ರ ನಿಯಮಾವಳಿಯೂ ಪಕ್ಷಗಳ ಬಲಾಬಲದ ಲೆಕ್ಕವೂ ಅವುಗಳಿಗೆ ಅನ್ವಯಿಸುವುದಿಲ್ಲ. ಏಳೆಂಟು ಸದಸ್ಯರು, ಕಾರ್ಯದರ್ಶಿಯಾಗಿ ಒಬ್ಬರೇ ನೌಕರರು. ಅವರನ್ನು ನೇಮಿಸುವವರು ಆ ಸದಸ್ಯರೇ. ಕಾರ್ಯದರ್ಶಿಯ ವಿರುದ್ಧ ದೂರು ಬಂದಾಗ ಸದಸ್ಯರೆಲ್ಲ ಕೂತು ತೆರೆದ ಸಭೆಯಲ್ಲಿ ಚರ್ಚಿಸಿದರೆ ಮುಂದೆ ಮೇಲ್ಮನವಿ ಕೇಳಲು ಪೂರ್ವಗ್ರಹವಿಲ್ಲದ ಒಬ್ಬರೂ ಉಳಿಯುವುದಿಲ್ಲ. ದೂರು ಬರುವ ಮೊದಲೇ ಮೂವರ ಸಿಬ್ಬಂದಿ ಸಮಿತಿ, ಅದರಲ್ಲಿ ಇಲ್ಲದ ಮೂವರ ಮೇಲ್ಮನವಿ ಸಮಿತಿ ಎಂದು ವಾರ್ಷಿಕ ಸಭೆಯಲ್ಲೇ ಬೇರ್ಪಡಿಸಿಟ್ಟರೆ ಈ ಪೇಚು ತಪ್ಪುತ್ತದೆ. ನಿಮ್ಮಲ್ಲಿ ಯಾರಾದರೂ ಪ್ಯಾರಿಷ್ ಸದಸ್ಯರಾಗಿದ್ದರೆ ಈ ಮೇ ತಿಂಗಳಲ್ಲೇ ಇದನ್ನು ಮಾಡಿಸಿ.

ದೊಡ್ಡ ಕೌನ್ಸಿಲ್‌ಗಳಲ್ಲಿ ಮುಖ್ಯ ಕಾರ್ಯನಿರ್ವಾಹಕ, ಹಣಕಾಸಿನ ಹೊಣೆಯ ಅಧಿಕಾರಿ, ಕಾನೂನು ಪಾಲನೆ ನೋಡುವ ಅಧಿಕಾರಿ, ಈ ಮೂವರಿಗೆ 2001ರ ನಿಯಮಾವಳಿಯ 2015ರ ತಿದ್ದುಪಡಿಯಿಂದ ಪ್ರತ್ಯೇಕ ರಕ್ಷಣೆ ಇದೆ. ಅವರನ್ನು ಶಿಸ್ತಿನ ಕಾರಣಕ್ಕೆ ವಜಾ ಮಾಡಬೇಕಾದರೆ ಕನಿಷ್ಠ ಇಬ್ಬರು ಸ್ವತಂತ್ರ ವ್ಯಕ್ತಿಗಳಿರುವ ಮಂಡಳಿಯನ್ನು ಸಭೆಗೆ 20 ಕೆಲಸದ ದಿನ ಮೊದಲೇ ನೇಮಿಸಬೇಕು, ಅದರ ಅಭಿಪ್ರಾಯವನ್ನು ಗಮನಿಸಿ ಇಡೀ ಕೌನ್ಸಿಲ್ ಮತ ಹಾಕಬೇಕು. ಕಾನೂನು ಮೀರಬೇಡಿ ಎಂದು ಆಳುವ ಪಕ್ಷಕ್ಕೆ ಹೇಳಬೇಕಾದ ಅಧಿಕಾರಿಗೆ ಇಷ್ಟು ಬೆನ್ನೆಲುಬು ಬೇಕೇ ಬೇಕು.

ಮತ್ತೆ ತಂಗಿಯ ವಿಷಯ. ಅರ್ಜಿಯಲ್ಲಿ ಕೌನ್ಸಿಲರ್ ಅಥವಾ ಹಿರಿಯ ಅಧಿಕಾರಿಗಳ ಜತೆ ನೆಂಟಸ್ತಿಕೆ ಇದೆಯೇ ಎಂಬ ಪ್ರಶ್ನೆ ಇರುತ್ತದೆ. ಇದ್ದರೆ ಬರೆಯಲಿ, ಬರೆದರೆ ತೊಂದರೆಯಿಲ್ಲ, ಮುಚ್ಚಿಟ್ಟರೆ ಸಿಕ್ಕ ಕೆಲಸವೂ ಹೋಗಬಹುದು. ಕೌನ್ಸಿಲರ್ ಬಳಿ ಹುದ್ದೆಗಳ ಜಾಹೀರಾತು ಎಲ್ಲಿ ಬರುತ್ತದೆ ಎಂದು ಕೇಳಬಹುದು, ಅದರಲ್ಲಿ ತಪ್ಪೇನಿಲ್ಲ. ಉಪಸಮಿತಿಯಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಕೌನ್ಸಿಲ್‌ನ ಜಾಲತಾಣದಲ್ಲೇ ಸಿಗುತ್ತದೆ. ಸಭೆಯ ಕಾರ್ಯಸೂಚಿ ಐದು ಪೂರ್ಣ ದಿನ ಮೊದಲೇ ಪ್ರಕಟವಾಗಬೇಕು. ಅಭ್ಯರ್ಥಿಗಳ ವೈಯಕ್ತಿಕ ವಿವರದಂತಹ ಗೋಪ್ಯ ಮಾಹಿತಿ ಬರುವ ಭಾಗಕ್ಕೆ ಮಾತ್ರ ಸಾರ್ವಜನಿಕರನ್ನು ಹೊರಗೆ ಕಳಿಸಬಹುದು. ಅದಕ್ಕೂ ನಿರ್ಣಯ ಮಾಡಿ ಕಾರಣ ದಾಖಲಿಸಬೇಕು. ಉಳಿದ ಸಭೆಗೆ ನೀವೂ ಹೋಗಿ ಕೂರಬಹುದು.