ಓದುಗರ ಪ್ರಶ್ನೆ: ಸಾಂಕ್ರಾಮಿಕ ಬಂದರೆ ಊರಿನ ಅಂಗಡಿ ಬಾಗಿಲು ಹಾಕದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮದು ಮಡಿಕೇರಿಯಿಂದ ಒಳಗಿರುವ ಊರು. ಕೊರೋನಾ ಕಾಲದಲ್ಲಿ ಇದ್ದ ಒಂದೇ ದಿನಸಿ ಅಂಗಡಿ ಮುಚ್ಚಿ ಎಲ್ಲರೂ ಪರದಾಡಿದೆವು. ಮತ್ತೆ ಹಾಗಾಗದಂತೆ ಅಕ್ಕಪಕ್ಕದವರು ಸೇರಿ ಏನು ಮಾಡಬಹುದು?

ಉತ್ತರ: ಮೊದಲು ನಿಮ್ಮ ಹಳೇ ಉದ್ರಿ ತೀರಿಸಿ. ಇಂಥ ಹೊತ್ತಲ್ಲಿ ಹಳ್ಳಿ ಅಂಗಡಿಗೆ ಗಿರಾಕಿಗಳ ಕೊರತೆ ಇರುವುದಿಲ್ಲ, ಕೈಯಲ್ಲಿ ದುಡ್ಡಿರುವುದಿಲ್ಲ. ತೋಟದ ಕೆಲಸ ನಿಂತರೆ ವಾರದ ಬಟವಾಡೆಯೂ ನಿಲ್ಲುತ್ತದೆ, ಲೈನ್ ಮನೆಯವರಿಗೆ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕಾರ್ಮಿಕರಿಗೆ, ಉದ್ರಿ ಕೊಡದೆ ವಿಧಿಯಿಲ್ಲ. ಅತ್ತ ಪೇಟೆಯ ಸಗಟು ವ್ಯಾಪಾರಿ ನಗದು ಕೊಟ್ಟರಷ್ಟೇ ಮೂಟೆ ಇಳಿಸುತ್ತಾನೆ. ಹೀಗಾಗಿ ಎರಡು ವಾರದಲ್ಲಿ ಬಂಡವಾಳ ಕರಗಿಹೋಗುತ್ತದೆ.

ಅದಕ್ಕೇ ಸಂಬಳ, ಪಿಂಚಣಿ ಬರುವ ಮನೆಯವರು ತಿಂಗಳ ಸಾಮಾನಿನ ಹಣವನ್ನು ಮುಂಗಡವಾಗಿ ಕೊಡಬೇಕು. ಹತ್ತು ಮನೆಯವರು ತಲಾ 2,000 ರೂಪಾಯಿ ಕೊಟ್ಟರೆ 20,000 ಆಯಿತು. ಆ ಹಣದಲ್ಲಿ ಅಕ್ಕಿ, ಬೇಳೆ, ಎಣ್ಣೆ ನಗದಿಗೆ ತರಬಹುದು. ಇದು ದಾನವಲ್ಲ, ತಂದ ಸಾಮಾನಿಗೆ ವಜಾ ಆಗುತ್ತದೆ. ಲೆಕ್ಕವನ್ನು ಎರಡು ಪುಸ್ತಕದಲ್ಲಿ ಬರೆಯಿರಿ: ಒಂದು ಅಂಗಡಿಯಲ್ಲಿ, ಇನ್ನೊಂದು ನಿಮ್ಮ ಮನೆಯಲ್ಲಿ. ಪ್ರತಿ ಸಲ ಉಳಿದ ಬಾಕಿಯನ್ನೂ ಬರೆಸಿಕೊಳ್ಳಿ. ಬಾಯಿಲೆಕ್ಕದಲ್ಲಿ ಬಿಟ್ಟರೆ ಮೂರನೇ ವಾರಕ್ಕೆ ಮನಸ್ತಾಪ ಖಂಡಿತ.

ಸಾಮಾನಿನ ಚೀಟಿ ಹಿಂದಿನ ಸಂಜೆಯೇ ಅಂಗಡಿಗೆ ತಲುಪಲಿ. ಐದಾರು ಮನೆಗೆ ಒಬ್ಬರೇ ಹೋಗಿ ತರಲಿ. ಬರೀ ‘ಅಕ್ಕಿ 5 ಕೆಜಿ’ ಎಂದರೆ ಸಾಲದು, ದೋಸೆಗೋ ಊಟಕ್ಕೋ ಬರೆಯಿರಿ. ಮಾತ್ರೆಯಾದರೆ ಹೆಸರು, ಎಷ್ಟು ಮಿಲಿಗ್ರಾಂ ಎಂಬುದು ಕಾಣುವಂತೆ ಮಾತ್ರೆಯ ಸ್ಟ್ರಿಪ್‌ನ ಫೋಟೊ ಕಳಿಸಿ. ಸಂತೆ ನಿಂತರೆ ಸೊಪ್ಪು, ತರಕಾರಿ ಬೆಳೆದವರು ಎಲ್ಲಿ ಮಾರಬೇಕು? ಅದನ್ನೂ ಇದೇ ಚೀಟಿಗೆ ಸೇರಿಸಿ, ಹಣ ನೇರ ಅವರ ಕೈಗೆ ಹೋಗಲಿ.

ಲೈನ್ ಮನೆಗಳಲ್ಲಿ ಅಸ್ಸಾಂ ಕಡೆಯ ಕಾರ್ಮಿಕರಿದ್ದರೆ ರೇಷನ್ ಕಾರ್ಡಿನ ಬಗ್ಗೆ ವಿಚಾರಿಸಿ. 2022ರ ಜೂನ್‌ನಲ್ಲಿ ಅಸ್ಸಾಂ ಕೂಡ ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಗೆ ಸೇರಿದ ಮೇಲೆ, ಅಲ್ಲಿನ ಅರ್ಹ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ. ಕಾರ್ಡಿಗೆ ಆಧಾರ್ ಜೋಡಣೆ ಆಗಿರಬೇಕು. ಭಾಷೆ ಬಾರದೆ ಸುಮ್ಮನೆ ಹಿಂದೆ ಬರುವವರೇ ಹೆಚ್ಚು. ಹಿಂದಿ ಬಲ್ಲ ಒಬ್ಬರು ಜೊತೆಗೆ ಹೋಗಿ.

ಕಾಯಿಲೆ ಬಿದ್ದ ಮನೆಗೆ ಊಟವನ್ನು ಜಗಲಿಯಲ್ಲಿಟ್ಟು, ದೂರ ನಿಂತು ಕೂಗಿ ಹೇಳಿದರಾಯಿತು. ಕೋವಿಡ್‌ನಂಥ ಉಸಿರಿನ ಕಾಯಿಲೆಗೆ ಊರಿಗೊಂದು ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕದ ಮಟ್ಟ ನೋಡುವ ಸಾಧನ) ಕೊಂಡಿಡಿ. ಅದರಲ್ಲಿ ತಪ್ಪು ಬಹಳ. ನಮ್ಮ ಮಳೆಗಾಲದ ಚಳಿಗೆ ಬೆರಳು ಮರಗಟ್ಟಿದ್ದರೆ ಅಂಕಿ ಸುಮ್ಮನೆ ಕಮ್ಮಿ ತೋರಿಸುತ್ತದೆ, ಮನೆಯವರೆಲ್ಲ ಗಾಬರಿ. ಐದು ನಿಮಿಷ ಕೂರಿಸಿ, ಕೈ ಉಜ್ಜಿ ಬೆಚ್ಚಗೆ ಮಾಡಿ. ನೈಲ್ ಪಾಲಿಶ್ ಇದ್ದರೆ ತೆಗೆಯಿರಿ. ಬೆರಳು ಅಲ್ಲಾಡಿಸದೆ ಅಂಕಿ ಒಂದು ಕಡೆ ನಿಲ್ಲುವ ತನಕ ಕಾಯಿರಿ. ಬೇರೆ ಬೆರಳಲ್ಲೂ 94ಕ್ಕಿಂತ ಕಮ್ಮಿ ಬಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಉಸಿರಾಡಲು ಕಷ್ಟವಾದರೆ ಅಂಕಿ ಎಷ್ಟೇ ಇರಲಿ, ಹೊರಡಿ.

ದಾರಿಗೆ ಮರ ಬಿದ್ದು ಆಂಬುಲೆನ್ಸ್ ಒಳಗೆ ಬರದಿದ್ದರೆ? ಊರಿನ ಜೀಪಿನವರೊಬ್ಬರ ಹತ್ತಿರ ಮೊದಲೇ ಮಾತಾಡಿಡಿ, ಡೀಸೆಲ್‌ಗೆಂದು ಸ್ವಲ್ಪ ಹಣವನ್ನೂ ಕೊಟ್ಟಿರಿ. ಪ್ರವಾಸಿಗರಿಲ್ಲದೆ ಬಾಡಿಗೆ ನಿಂತವರಿಗೆ ಅದೂ ಆಸರೆ. ಕರೆಂಟ್ ಹೋದರೆ ಮೊಬೈಲೂ ಸಾಯುತ್ತದೆ, ಹಾಗಾಗಿ ಅವರ ನಂಬರನ್ನು ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಹೋಗುವಾಗ ಎಲ್ಲರಿಗೂ ಮಾಸ್ಕ್ ಇರಲಿ, ಮಳೆ ಇದ್ದರೂ ಜೀಪಿನ ಸೈಡ್ ಪರದೆ ಸ್ವಲ್ಪ ಸರಿಸಿರಲಿ.