ಬಿದ್ದವರು ಮರಳಿ ಬರುವ ದಾರಿ: ಯೂದ ಮತ್ತು ಪೇತ್ರರ ಪ್ರಸಂಗಗಳ ಅಧ್ಯಯನ ಟಿಪ್ಪಣಿ

ಮಂಡ್ಯದ ಕಡೆಯ ಸಣ್ಣ ಕ್ರೈಸ್ತ ಸಭೆಯೊಂದರಲ್ಲಿ ಕಾಣಿಕೆ ಹಣದ ಲೆಕ್ಕ ನೋಡುವವರು ಆ ಹಣವನ್ನು ಮಗಳ ಮದುವೆಗೆ ಬಳಸಿಕೊಂಡು ಸಿಕ್ಕಿಬಿದ್ದರೆಂದು ಇಟ್ಟುಕೊಳ್ಳೋಣ. "ದೇವರ ಹಣ ಮುಟ್ಟಿದೆನಲ್ಲ" ಎಂಬ ಸಂಕಟ ಪಾಪಪ್ರಜ್ಞೆ. "ನಾಲ್ಕು ಜನರ ಮುಂದೆ ಹೇಗೆ ಮುಖ ತೋರಿಸಲಿ" ಎಂಬುದು ನಾಚಿಕೆ. ನಮ್ಮ ಕಡೆ ಎರಡನೆಯದೇ ಜೋರು. ಊರಿನ ಆರಾಧನೆ ಬಿಟ್ಟು, ಗುರುತಿನವರಿಲ್ಲದ ಮೈಸೂರಿನ ಯಾವುದೋ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಬರುವವರನ್ನು ಅಲ್ಲಿಗೆ ಅಟ್ಟಿರುವುದು ಅನೇಕ ಸಲ ಈ ನಾಚಿಕೆಯೇ.

2 ಕೊರಿಂಥ 7:10ರಲ್ಲಿ ಪೌಲನು ರಕ್ಷಣೆಗೆ ನಡೆಸುವ ದುಃಖವನ್ನೂ ಮರಣಕ್ಕೆ ನಡೆಸುವ ದುಃಖವನ್ನೂ ಬೇರ್ಪಡಿಸುತ್ತಾನೆ. ಇದಕ್ಕೆ ಯೇಸುವಿನ ಇಬ್ಬರು ಶಿಷ್ಯರನ್ನು, ಅವನನ್ನು ಅರಿಯೆನೆಂದ ಪೇತ್ರನನ್ನೂ ಹಣಕ್ಕಾಗಿ ಹಿಡಿದುಕೊಟ್ಟ ಯೂದನನ್ನೂ ಉದಾಹರಿಸುವುದು ವಾಡಿಕೆ. ಆದರೆ ಮತ್ತಾಯ 27:3-5ನ್ನು ನಿಧಾನವಾಗಿ ಓದಬೇಕು: ಯೂದನು ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡನು, 30 ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ತಂದನು, ಕೇಳಿಸಿಕೊಂಡ ಯಾಜಕರು ಮಾತ್ರ ಅದು ನಮಗೇನು, ನೀನೇ ನೋಡಿಕೋ ಎಂದುಬಿಟ್ಟರು. ಅವನ ಅಂತ್ಯಕ್ಕೆ ಇದೇ ಕಾರಣವೆಂದು ಮತ್ತಾಯನು ಹೇಳುವುದಿಲ್ಲ, ನಿಜ. ಆದರೂ ಸಭೆಯ ಹಿರಿಯರು ಈ ಭಾಗವನ್ನು ಯೂದನಿಗಾಗಿ ಓದುವಷ್ಟೇ ಆ ಯಾಜಕರಿಗಾಗಿಯೂ ಓದಬೇಕೆಂಬುದು ನನ್ನ ಅಭಿಪ್ರಾಯ.

ಪೇತ್ರನ ವಿಷಯದಲ್ಲಿ ನಡೆದದ್ದೇ ಬೇರೆ. ಅವನು ಬೀಳುವ ಮುಂಚೆಯೇ ಯೇಸು ಅವನಿಗಾಗಿ ಪ್ರಾರ್ಥಿಸಿದ್ದನು (ಲೂಕ 22:32). ಎದ್ದುಬಂದ ಕರ್ತನು ಸೀಮೋನನಿಗೆ, ಅಂದರೆ ಪೇತ್ರನಿಗೆ, ಕಾಣಿಸಿಕೊಂಡನೆಂದು ಲೂಕ 24:34 ಹೇಳುತ್ತದೆ. ಆ ಭೇಟಿಯಲ್ಲಿ ಏನು ಮಾತಾಯಿತೆಂಬುದನ್ನು ಯಾವ ಸುವಾರ್ತೆಯೂ ಬರೆದಿಲ್ಲ. ಅದಾದ ಮೇಲೆಯೇ ಯೋಹಾನ 21ರ ಪ್ರಸಂಗ ಬರುತ್ತದೆ: ದಡದಲ್ಲಿ ಇದ್ದಲಿನ ಬೆಂಕಿ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಮಹಾಯಾಜಕನ ಅಂಗಳದಲ್ಲಿ ಅಂಥದೇ ಬೆಂಕಿಯ ಬಳಿ ಮೂರು ಸಲ ಅಲ್ಲಗಳೆದವನಿಗೆ ಇಲ್ಲಿ ಮೊದಲು ಊಟ, ಆಮೇಲೆ ಮೂರು ಸಲ ಪ್ರಶ್ನೆ. ಅದೂ ಯಾಕೆ ಹಾಗೆ ಮಾಡಿದೆ ಎಂದಲ್ಲ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಏಕಾಂತದ ಭೇಟಿ ಮೊದಲು, ಬಹಿರಂಗದ ಮಾತು ನಂತರ ಎಂಬ ಈ ಕ್ರಮವನ್ನು ನಾವು ಸಾಮಾನ್ಯವಾಗಿ ತಲೆಕೆಳಗು ಮಾಡುತ್ತೇವೆ.

ನಷ್ಟಪರಿಹಾರ ಕ್ಷಮೆಗೆ ತೆರುವ ಬೆಲೆಯಲ್ಲ. ಯೇಸು ನಿನ್ನ ಮನೆಗೆ ಬರುತ್ತೇನೆಂದು ಹೇಳಿದ ಮೇಲೆಯೇ ಸುಂಕ ವಸೂಲಿಗಾರನಾದ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವ ಮಾತಾಡಿದ್ದು (ಲೂಕ 19). ಹಾಗೆಂದು ಅದನ್ನು ಬಿಟ್ಟುಬಿಡುವಂತೆಯೂ ಇಲ್ಲ. ಮೋಸದಿಂದ ಪಡೆದದ್ದರ ಜೊತೆಗೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆಂದು ಯಾಜಕಕಾಂಡ 6:5 ವಿಧಿಸುತ್ತದೆ.

ಉಳಿದದ್ದು ಹುದ್ದೆಯ ಪ್ರಶ್ನೆ. ಗಲಾತ್ಯ 6:1 ಬಿದ್ದವನನ್ನು ಸಾತ್ವಿಕಭಾವದಿಂದ ಸರಿಪಡಿಸಲು ಹೇಳುತ್ತದೆಯೇ ಹೊರತು ಕೂಡಲೇ ಪೀಠಕ್ಕೇರಿಸಲು ಹೇಳುವುದಿಲ್ಲ. ಪೇತ್ರನಿಗೆ ಕುರಿಗಳನ್ನು ಮೇಯಿಸುವ ಕೆಲಸ ಮರಳಿ ಸಿಕ್ಕಿತೆಂಬುದನ್ನೇ ಆಧಾರ ಮಾಡಿಕೊಂಡು, ನಂಬಿ ಬಂದವರನ್ನು ಘಾಸಿಗೊಳಿಸಿದ ಸಭಾಪಾಲಕರನ್ನು ಅವಸರದಲ್ಲಿ ಮತ್ತೆ ನಿಲ್ಲಿಸುವುದು ಸಲ್ಲದು. ಸಭಾಧ್ಯಕ್ಷನಿಗೆ ಹೊರಗಿನವರಲ್ಲೂ ಒಳ್ಳೆಯ ಹೆಸರಿರಬೇಕೆಂದು 1 ತಿಮೊಥೆ 3:7 ಕೇಳುತ್ತದೆ; ಹೀಗಿರುವಾಗ, ನೊಂದವರನ್ನು ವಿಚಾರಿಸದೆ ಆ ತೀರ್ಮಾನಕ್ಕೆ ಬರುವ ಹಕ್ಕು ಯಾವ ಸಮಿತಿಗೂ ಇರಲಾರದು.